ಟರ್ಮಿನಲ್ ತಕರಾರು ತೆಗೆದಾಗ: ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಉಬುಂಟು, ಲಿನಕ್ಸ್ ಮಿಂಟ್ ಅಥವಾ ಡೆಬಿಯನ್ ಎಂಬ ಲಿನಕ್ಸ್ ಬಗೆ ಹಾಕಿದ ಹಳೆಯ ಡೆಸ್ಕ್‌ಟಾಪ್‌ಗಳನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆದಿದೆ. ಬಳ್ಳಾರಿಯ ಡಿಟಿಪಿ ಅಂಗಡಿ, ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಕೋಣೆ, ಮಾನ್ವಿ ಅಥವಾ ಕುಷ್ಟಗಿ ಕಡೆಯ ಶಾಲೆಯ ಕಂಪ್ಯೂಟರ್ ಲ್ಯಾಬು, ಎಲ್ಲಿಯ ಯಂತ್ರವಾದರೂ ಕಾಡುವ ಸಂಗತಿಗಳು ಹೆಚ್ಚುಕಡಿಮೆ ಇವೇ: ವಯಸ್ಸಾದ ಮದರ್‌ಬೋರ್ಡು, ಹೇಳದೆ ಹೋಗುವ ಕರೆಂಟು, ಮೊಬೈಲ್ ಹಾಟ್‌ಸ್ಪಾಟಿನ ಇಂಟರ್ನೆಟ್ಟು ಮತ್ತು ಒಂದೇ ಕೀಲಿಮಣೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ. ಹೊಸಬರಿಗೆ ಬರುವ ಅರ್ಧಕ್ಕರ್ಧ ತೊಂದರೆ ಆದೇಶ ಗೊತ್ತಿಲ್ಲದ್ದರಿಂದ ಬರುವುದಲ್ಲ, ಇವುಗಳಿಂದ ಬರುವುದು.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಎಲ್‌ಎಸ್ ಎಂದಿದ್ದರೆ ಇಂಗ್ಲಿಷಿನ ಸಣ್ಣಕ್ಷರದ ಎಲ್ ಮತ್ತು ಎಸ್ ಒತ್ತಬೇಕು. ಸುಡೊ ಎಂದರೆ ಎಸ್, ಯು, ಡಿ, ಒ. ಸಿಎಚ್‌ಮಾಡ್ ಎಂದರೆ ಸಿ, ಎಚ್, ಎಂ, ಒ, ಡಿ. ಸಿಎಚ್‌ಓನ್ ಎಂದರೆ ಸಿ, ಎಚ್, ಒ, ಡಬ್ಲ್ಯೂ, ಎನ್. ಅಪ್‌ಡೇಟ್, ಇನ್‌ಸ್ಟಾಲ್‌ನಂಥ ಪೂರ್ತಿ ಪದಗಳಿಗೆ ಇಂಗ್ಲಿಷಿನ ಮಾಮೂಲಿ ಕಾಗುಣಿತ. ಚುಕ್ಕಿ, ಅಡ್ಡಗೆರೆ, ಓರೆಗೆರೆ ಇದ್ದ ಹಾಗೆಯೇ. ಸಾಲಿನಲ್ಲಿ ಖಾಲಿ ಜಾಗ ಕಂಡಲ್ಲಿ ಒಂದು ಸ್ಪೇಸ್, ಕಾಣದಲ್ಲಿ ಬೇಡ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ದೂರು ಕೊಡುತ್ತಿರುವವರು ಯಾರು?

ಕೆಂಪು ಸಾಲೋ ಇಂಗ್ಲಿಷ್ ವಾಕ್ಯವೋ ಕಂಡ ತಕ್ಷಣ ಕಿಟಕಿ ಮುಚ್ಚಿ ಮತ್ತೆ ತೆರೆಯುವುದು ಹೊಸಬರ ಅಭ್ಯಾಸ. ಅದರಿಂದ ಕೈಯಲ್ಲಿದ್ದ ಒಂದೇ ಸಾಕ್ಷಿಯೂ ಹೋಗುತ್ತದೆ. ಟರ್ಮಿನಲ್ಲಿನ, ಅಂದರೆ ಆದೇಶ ಬರೆದು ಯಂತ್ರ ನಡೆಸುವ ಕಿಟಕಿಯ, ದೂರುಗಳಿಗೆ ಒಂದು ಕಟ್ಟು ಇದೆ. ಮೊದಲ ವಿಭಾಗ ಚುಕ್ಕೆಗೆ (:) ಮೊದಲು ಇರುವುದು ದೂರು ಕೊಡುವವರ ಹೆಸರು, ನಡುವಿನದು ಯಾವುದರ ಬಗ್ಗೆ ದೂರು, ಕೊನೆಯದು ಕಾರಣ.

ಬ್ಯಾಶ್: ಎಲ್‌ಎಸ್‌ಎಸ್: ಕಮಾಂಡ್ ನಾಟ್ ಫೌಂಡ್

ಎಲ್‌ಎಸ್: ಕೆನಾಟ್ ಆಕ್ಸೆಸ್ 'ಭತ್ತ': ನೋ ಸಚ್ ಫೈಲ್ ಆರ್ ಡೈರೆಕ್ಟರಿ

ಮೊದಲನೆಯದರಲ್ಲಿ ದೂರು ಕೊಟ್ಟದ್ದು ಬ್ಯಾಶ್, ಅಂದರೆ ನೀವು ಒತ್ತಿದ್ದನ್ನು ಓದುವ ಶೆಲ್. ಅದಕ್ಕೆ ಓಡಿಸಲು ಕಾರ್ಯಕ್ರಮವೇ ಸಿಕ್ಕಿಲ್ಲ. ಎರಡನೆಯದರಲ್ಲಿ ಫೋಲ್ಡರಿನೊಳಗೆ ಏನಿದೆ ಎಂದು ತೋರಿಸುವ ಎಲ್‌ಎಸ್ ಓಡಿದೆ, ಕೇಳಿದ ಫೋಲ್ಡರು ಮಾತ್ರ ಸಿಕ್ಕಿಲ್ಲ. ಒಂದರಲ್ಲಿ ಆದೇಶದ ಕಾಗುಣಿತ ನೋಡಬೇಕು, ಇನ್ನೊಂದರಲ್ಲಿ ಫೋಲ್ಡರಿನ ಹೆಸರು. ಇಷ್ಟು ಬೇರ್ಪಡಿಸಿಕೊಂಡರೆ ಹುಡುಕುವ ಜಾಗ ಅರ್ಧವಾಯಿತು. ಉಬುಂಟುವಿನಲ್ಲಿ ಮೊದಲ ಬಗೆಯ ದೂರು ಸ್ವಲ್ಪ ಉದ್ದವಾಗಿ, 'ಡಿಡ್ ಯು ಮೀನ್' ಎಂಬ ಸಲಹೆಯ ಜತೆ ಬರಬಹುದು. ಅದೂ ಶೆಲ್‌ನ ಕಡೆಯ ಮಾತೇ.

ಏನೂ ಮಾತಾಡದೆ ಆದೇಶ ಮುಗಿದರೆ ಸಾಮಾನ್ಯವಾಗಿ ಅದು ಸರಿಯಾಗಿ ಮುಗಿದಿದೆ ಎಂದೇ ಅರ್ಥ. ನಕಲು ಮಾಡುವ ಸಿಪಿ, ಜಾಗ ಅಥವಾ ಹೆಸರು ಬದಲಿಸುವ ಎಂವಿ, ಅಳಿಸುವ ಆರ್‌ಎಂ ಮೂರೂ ಕೆಲಸವಾದರೆ ಮೌನ. ಅನುಮಾನವಿದ್ದರೆ ಮುಂದಿನ ಸಾಲಿನಲ್ಲೇ ಕೇಳಿ:

ಎಕೋ $?

0 ಬಂದರೆ ಸರಿ. 1 ಅಥವಾ 2 ಬಂದರೆ ಆದೇಶವೇ ತನ್ನೊಳಗಿನ ತಪ್ಪು ಹೇಳುತ್ತಿದೆ. 127 ಎಂದರೆ ಆದೇಶ ಸಿಗಲಿಲ್ಲ; 126 ಎಂದರೆ ಸಿಕ್ಕಿತು, ಓಡಿಸಲು ಆಗಲಿಲ್ಲ. 130 ನೀವೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದ್ದು. 137 ಬಂದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ. 2 ಜಿಬಿ ರ‍್ಯಾಮಿನ ಯಂತ್ರದಲ್ಲಿ ಇದು ಬಹುಮಟ್ಟಿಗೆ ಮೆಮೊರಿ ಸಾಲದೆ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಮಾಡಿದ ಕೆಲಸ.

ಯಂತ್ರದ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರೆ ಕೆಲವು ದೂರು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ ಬರುತ್ತವೆ. ಹುಡುಕಾಟಕ್ಕೆ ಇಂಗ್ಲಿಷ್ ಸಾಲೇ ಬೇಕಾದರೆ ಆದೇಶದ ಮುಂದೆ ಎಲ್‌ಸಿ_ಎಎಲ್‌ಎಲ್=ಸಿ ಎಂದು, ಎಲ್ಲವೂ ದೊಡ್ಡಕ್ಷರದಲ್ಲಿ, ಸೇರಿಸಿ ಒಂದು ಸ್ಪೇಸ್ ಬಿಟ್ಟು ಆದೇಶ ಬರೆಯಿರಿ. ಆ ಒಂದು ಸಾಲಿಗೆ ಮಾತ್ರ ಭಾಷೆ ಬದಲಾಗುತ್ತದೆ.

ಕಮಾಂಡ್ ನಾಟ್ ಫೌಂಡ್

ಕಾಗುಣಿತ ಸರಿಯಿದೆ ಎಂದು ನಿಮಗನ್ನಿಸಿದರೂ ದೂರಿನಲ್ಲಿ ಬ್ಯಾಶ್ ಹೇಳಿದ ಪದವನ್ನು ಒಂದೊಂದೇ ಅಕ್ಷರ ಓದಿ. ನೀವು ಒತ್ತಿದ್ದು ಏನೆಂದು ಅದಕ್ಕೆ ಗೊತ್ತು.

ಅಲ್ಲಿ ಕನ್ನಡ ಅಕ್ಷರ ಕಂಡರೆ ಕೀಲಿಮಣೆ ಕನ್ನಡದಲ್ಲಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವಿದ್ದಾಗ ಎಲ್‌ಎಸ್ ಒತ್ತಿದರೆ 'ತೇ' ಬರುತ್ತದೆ, ಸಿಡಿ ಒತ್ತಿದರೆ 'ಮ್'. ಕೆಜಿಪಿ ವಿನ್ಯಾಸದಲ್ಲಿ ಎಲ್‌ಎಸ್ 'ಲಸ' ಆಗುತ್ತದೆ. ಡಿಟಿಪಿ ಕೆಲಸ ನಡೆಯುವ ಕಡೆ ದಿನಕ್ಕೆ ಹತ್ತು ಸಲ ಆಗುವ ಎಡವಟ್ಟು ಇದು. ಉಬುಂಟುವಿನಲ್ಲಿ ಸೂಪರ್ ಕೀಲಿ, ಅಂದರೆ ವಿಂಡೋಸ್ ಚಿಹ್ನೆಯ ಕೀಲಿ, ಹಿಡಿದು ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಇದೇ ಕಾರಣಕ್ಕೆ ಪಾಸ್‌ವರ್ಡು ಸರಿಯಿದ್ದರೂ 'ಸಾರಿ, ಟ್ರೈ ಅಗೇನ್' ಬರುವುದುಂಟು. ಪಾಸ್‌ವರ್ಡು ತೆರೆಯ ಮೇಲೆ ಕಾಣದ ಕಾರಣ ಕನ್ನಡ ಬಿದ್ದದ್ದು ತಿಳಿಯುವುದೇ ಇಲ್ಲ. ಪಾಸ್‌ವರ್ಡು ಕೇಳುವ ಮೊದಲು ಖಾಲಿ ಸಾಲಿನಲ್ಲಿ ಎರಡಕ್ಷರ ಒತ್ತಿ ನೋಡಿ ಅಳಿಸುವುದು ಒಳ್ಳೆಯ ರೂಢಿ.

ಇಂಗ್ಲಿಷಿನಲ್ಲೇ ಇದ್ದರೆ ಇವನ್ನು ನೋಡಿ. ಫೋಲ್ಡರು ಬದಲಿಸುವ ಸಿಡಿ ಆದೇಶವನ್ನು ಸಿಡಿ.. ಎಂದು ಸ್ಪೇಸ್ ಇಲ್ಲದೆ ಬರೆದರೆ 'ಸಿಡಿ..' ಎಂಬ ಆದೇಶವನ್ನೇ ಬ್ಯಾಶ್ ಹುಡುಕುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸಿಗೆ ಬೇರೆ ಬೇರೆ. ಕ್ಯಾಪ್ಸ್ ಲಾಕ್ ದೀಪ ನೋಡಿ. ಎಲ್ ಎಂಬ ಅಕ್ಷರದ ಜಾಗಕ್ಕೆ ಒಂದು ಎಂಬ ಅಂಕಿ ಬಿದ್ದಿರಬಹುದು. ನಿಮ್ಮದೇ ಸ್ಕ್ರಿಪ್ಟನ್ನು, ಅಂದರೆ ಆದೇಶಗಳನ್ನು ಬರೆದಿಟ್ಟ ಕಡತವನ್ನು, ಬರೀ ಹೆಸರು ಬರೆದು ಓಡಿಸಲು ಹೋದರೂ ಇದೇ ದೂರು, ಏಕೆಂದರೆ ಬ್ಯಾಶ್ ನೀವಿರುವ ಫೋಲ್ಡರಿನಲ್ಲಿ ಹುಡುಕುವುದಿಲ್ಲ. ಹೆಸರಿಗೆ ಮೊದಲು ./ ಸೇರಿಸಬೇಕು.

ವಾಟ್ಸಾಪಿನಲ್ಲಿ ಬಂದ ಆದೇಶ ಕೆಲಸ ಮಾಡದಿದ್ದರೆ ಆದೇಶವನ್ನು ಬೈಯುವ ಮೊದಲು ಗುರುತುಗಳನ್ನು ನೋಡಿ. ಎರಡು ನಕ್ಷತ್ರಗಳ ನಡುವಿನದನ್ನು ವಾಟ್ಸಾಪು ದಪ್ಪಕ್ಷರ ಮಾಡಿ ತೋರಿಸುತ್ತದೆ. ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲ, ನೋಡಿ ಬರೆದುಕೊಂಡವರ ಸಾಲಿನಲ್ಲಿ ಅದು ಇರುವುದೂ ಇಲ್ಲ. ವರ್ಡ್ ಕಡತಕ್ಕೆ ಅಂಟಿಸಿದರೆ ನೇರ ಉದ್ಧರಣ ಚಿಹ್ನೆ ಬಾಗುತ್ತದೆ, ಎರಡು ಸಣ್ಣ ಅಡ್ಡಗೆರೆ ಸೇರಿ ಒಂದು ಉದ್ದಗೆರೆ ಆಗುತ್ತದೆ. ಬ್ಯಾಶಿಗೆ ಇವೆಲ್ಲ ಅಪರಿಚಿತ ಅಕ್ಷರಗಳು. ಗುರುತುಗಳನ್ನು ಅಳಿಸಿ ಕೈಯಿಂದ ಮತ್ತೆ ಒತ್ತಿ. ಟರ್ಮಿನಲ್ಲಿಗೆ ಅಂಟಿಸುವುದು ಕಂಟ್ರೋಲ್ ಶಿಫ್ಟ್ ವಿ. ಬರೀ ಕಂಟ್ರೋಲ್ ವಿ ಅಲ್ಲಿ ಬೇರೆ ಕೆಲಸದ್ದು.

ನಿನ್ನೆ ತನಕ ಇದ್ದ ಎಲ್‌ಎಸ್ ಕೂಡ ಇವತ್ತು ಸಿಗುತ್ತಿಲ್ಲ ಎಂದರೆ ಯಾವುದೋ ಪಾಠ ನೋಡಿಕೊಂಡು .ಬ್ಯಾಶ್‌ಆರ್‌ಸಿ ಕಡತದಲ್ಲಿ ಪಾತ್ ಸಾಲು ಬದಲಿಸಿದ್ದಾರೆ. ಪಾತ್ ಎಂಬುದು ಬ್ಯಾಶ್ ಆದೇಶಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ. ಹಳೆಯ ಪಟ್ಟಿಗೆ ಸೇರಿಸುವ ಬದಲು ಅದನ್ನೇ ಅಳಿಸಿ ಬರೆದಾಗ ಹೀಗಾಗುತ್ತದೆ. ಸದ್ಯಕ್ಕೆ:

ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಬಿನ್:/ಬಿನ್:/ಯುಎಸ್‌ಆರ್/ಎಸ್‌ಬಿನ್:/ಎಸ್‌ಬಿನ್

ಇದರಲ್ಲಿ ಪಾತ್ ಮಾತ್ರ ದೊಡ್ಡಕ್ಷರ, ಸಮ ಚಿಹ್ನೆಯ ಆಚೀಚೆ ಸ್ಪೇಸ್ ಇಲ್ಲ. ಆದೇಶಗಳು ಮರಳಿದ ಮೇಲೆ ನ್ಯಾನೊ ಎಂಬ ಬರೆಯುವ ಕಾರ್ಯಕ್ರಮದಲ್ಲಿ ~/.ಬ್ಯಾಶ್‌ಆರ್‌ಸಿ ತೆರೆದು ಕೆಟ್ಟ ಸಾಲಿನ ಮೊದಲಿಗೆ # ಹಾಕಿ ಉಳಿಸಿ.

ನೋ ಸಚ್ ಫೈಲ್ ಆರ್ ಡೈರೆಕ್ಟರಿ

ಪಿಡಬ್ಲ್ಯೂಡಿ ಒತ್ತಿ ಎಲ್ಲಿದ್ದೀರಿ ಎಂದು ನೋಡಿ. ಎಲ್‌ಎಸ್ ಒತ್ತಿ ಅಲ್ಲಿ ಏನಿದೆ ಎಂದು ನೋಡಿ. ಹೆಚ್ಚಿನ ಸಲ ನೀವು ಅಂದುಕೊಂಡ ಫೋಲ್ಡರಿನಲ್ಲಿ ಇರುವುದೇ ಇಲ್ಲ. ಓರೆಗೆರೆಯಿಂದ ಶುರುವಾದ ದಾರಿ ಯಂತ್ರದ ಬುಡದಿಂದ ಹೊರಡುತ್ತದೆ, ಓರೆಗೆರೆ ಇಲ್ಲದ್ದು ನೀವು ನಿಂತಲ್ಲಿಂದ. /ಡೌನ್‌ಲೋಡ್ಸ್ ಎಂಬುದು ನಿಮ್ಮ ಡೌನ್‌ಲೋಡ್ಸ್ ಅಲ್ಲ. ~/ಡೌನ್‌ಲೋಡ್ಸ್ ನಿಮ್ಮದು, ಅದೂ ಮೊದಲ ಅಕ್ಷರ ದೊಡ್ಡದು.

ಹೆಸರಿನಲ್ಲಿ ಸ್ಪೇಸ್ ಇದ್ದರೆ ಬ್ಯಾಶ್ ಅದನ್ನು ಎರಡು ಹೆಸರು ಎಂದು ಓದುತ್ತದೆ. ರಾಯಚೂರಿನ ಹತ್ತಿ ಮಾರುಕಟ್ಟೆಯ ಪಟ್ಟಿಯನ್ನು 'ಹತ್ತಿ ದರ' ಎಂದು ಉಳಿಸಿದ್ದರೆ, ಕಡತದೊಳಗಿನದನ್ನು ತೆರೆಗೆ ತರುವ ಕ್ಯಾಟ್ ಆದೇಶವನ್ನು ಕ್ಯಾಟ್ ಹತ್ತಿ ದರ ಎಂದು ಬರೆದಾಗ ಹತ್ತಿ ಇಲ್ಲ, ದರ ಇಲ್ಲ ಎಂದು ಎರಡು ದೂರು ಬರುತ್ತವೆ. ಒಂದೇ ತಪ್ಪಿಗೆ ಎರಡು ದೂರು ಬಂದರೆ ಕಾರಣ ಸ್ಪೇಸ್ ಎಂದೇ ತಿಳಿಯಿರಿ. ಹೆಸರನ್ನು ನೇರ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ: ಕ್ಯಾಟ್ 'ಹತ್ತಿ ದರ'. ಕ್ಯಾಟ್‌ನಲ್ಲಿ ಇದು ಬರೀ ಕಿರಿಕಿರಿ. ಆರ್‌ಎಂ ಜತೆ ಅಪಾಯ: 'ಹತ್ತಿ' ಎಂಬ ಇನ್ನೊಂದು ಕಡತ ನಿಜವಾಗಿ ಇದ್ದರೆ ಅದು ಅಳಿಸಿಹೋಗುತ್ತದೆ, ಮತ್ತು ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಕಲಿಯುವಷ್ಟು ಕಾಲ ಆರ್‌ಎಂ -ಐ ಬಳಸಿ, ಪ್ರತಿ ಕಡತಕ್ಕೂ ಕೇಳುತ್ತದೆ.

ಟ್ಯಾಬ್ ಕೀಲಿ ಈ ಎಲ್ಲದಕ್ಕೂ ಒಳ್ಳೆಯ ಮದ್ದು. ಹೆಸರಿನ ಮೊದಲ ಎರಡು ಮೂರು ಅಕ್ಷರ ಒತ್ತಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಬ್ಯಾಶೇ ತುಂಬುತ್ತದೆ, ಸ್ಪೇಸ್ ಇದ್ದಲ್ಲಿ ಅದಕ್ಕೆ ಮೊದಲು \ ಹಾಕುತ್ತದೆ. ತುಂಬದಿದ್ದರೆ ಅಂಥ ಹೆಸರು ಅಲ್ಲಿಲ್ಲ, ಅಥವಾ ಒಂದಕ್ಕಿಂತ ಹೆಚ್ಚು ಇವೆ. ಇನ್ನೊಮ್ಮೆ ಟ್ಯಾಬ್ ಒತ್ತಿದರೆ ಪಟ್ಟಿ ಕೊಡುತ್ತದೆ. ಎಂಟರ್ ಒತ್ತುವ ಮೊದಲೇ ದೋಷ ಸಿಕ್ಕಿತು.

ಕನ್ನಡ ಹೆಸರಿನ ಕಡತಗಳಿಗೆ ಪ್ರತ್ಯೇಕವಾಗಿ ಕೆಲವು ಮಾತು. ಲಿನಕ್ಸಿಗೆ ಕನ್ನಡ ಹೆಸರಿನಿಂದ ತೊಂದರೆಯೇನೂ ಇಲ್ಲ, ತೊಂದರೆ ತೋರಿಸುವುದರಲ್ಲಿ. ಹಲವು ಟರ್ಮಿನಲ್ ಕಿಟಕಿಗಳು ಪ್ರತಿ ಅಕ್ಷರವನ್ನೂ ಒಂದೊಂದು ಚೌಕದಲ್ಲಿ ಕೂರಿಸುವುದರಿಂದ ಒತ್ತಕ್ಷರ, ಗುಣಿತ ಬಿಡಿಬಿಡಿಯಾಗಿ ಕಾಣುತ್ತವೆ. 'ಕೊಪ್ಪಳ' ಮುರಿದು ಕಂಡ ಮಾತ್ರಕ್ಕೆ ಹೆಸರು ಕೆಟ್ಟಿಲ್ಲ. ಕಡತಗಳ ಕಿಟಕಿಯಲ್ಲಿ ತೆರೆದು ನೋಡಿ, ಸರಿಯಾಗಿರುತ್ತದೆ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿದಾಗ ಬರುವ ಕಪ್ಪು ತೆರೆಯಲ್ಲಂತೂ ಕನ್ನಡ ಕಾಣುವುದೇ ಇಲ್ಲ. ಅಲ್ಲಿಯ ಫಾಂಟಿಗೆ 512ಕ್ಕಿಂತ ಹೆಚ್ಚು ಅಕ್ಷರರೂಪ ಹಿಡಿಸದು. ಹೆಸರಿನ ಜಾಗದಲ್ಲಿ \340\262\225 ಎಂಬಂಥ ಅಂಕಿ ಕಂಡರೆ ಭಾಷಾ ಹೊಂದಿಕೆ ಸಿ ಎಂದಾಗಿದೆ. ಆ ಮೂರು ಅಂಕಿ ಸೇರಿ ಒಂದು 'ಕ'. ಲೊಕೇಲ್ ಎಂದು ಒತ್ತಿ, ಮೊದಲ ಸಾಲಿನಲ್ಲಿ ಯುಟಿಎಫ್-8 ಇದೆಯೇ ನೋಡಿ.

ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಲಿನಕ್ಸ್ ಡಿಸ್ಕುಗಳಲ್ಲಿ ಸಾಮಾನ್ಯವಾದ ಎಕ್ಸ್ಟ್4 ಕಡತವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಅಂದರೆ ಕನ್ನಡದಲ್ಲಿ 85 ಸಂಕೇತ; ಗುಣಿತ, ಒತ್ತು, ವಿರಾಮ ಎಲ್ಲ ಸೇರಿ. 'ಪ್ರಾ' ಎಂಬ ಒಂದಕ್ಷರವೇ ನಾಲ್ಕು ಸಂಕೇತ ತಿನ್ನುತ್ತದೆ. ಅರ್ಜಿಯ ಇಡೀ ವಿಷಯವನ್ನೇ ಹೆಸರಾಗಿ ಇಡುವ ಕಚೇರಿಗಳಲ್ಲಿ 'ಫೈಲ್ ನೇಮ್ ಟೂ ಲಾಂಗ್' ಬರುವುದು ಹೀಗೆ. ವಿಂಡೋಸಿನ ಎನ್‌ಟಿಎಫ್‌ಎಸ್ ಮಿತಿಯನ್ನು ಬೇರೆ ರೀತಿ ಎಣಿಸುವುದರಿಂದ ಅಲ್ಲಿ ಸುಮ್ಮನಿದ್ದ ಹೆಸರು ಇಲ್ಲಿಗೆ ನಕಲು ಮಾಡುವಾಗ ಎಡವುತ್ತದೆ.

ಇನ್ನೊಂದು ತಲೆನೋವು: ಕಣ್ಣಿಗೆ ಒಂದೇ ಥರ ಕಾಣುವ ಎರಡು 'ಕೋಟೆ'. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ನಡುವೆ ಕಾಣದ ಜೋಡಣೆ ತಡೆಯುವ ಸಂಕೇತ ಸೇರಿದ್ದರೂ ಹೀಗೇ. ನೀವು ಒತ್ತಿದ 'ಕೋಟೆ' ಅಲ್ಲಿರುವ 'ಕೋಟೆ' ಅಲ್ಲ, ಆದ್ದರಿಂದ ನೋ ಸಚ್ ಫೈಲ್. ಇಂಥಲ್ಲಿ ಹೆಸರನ್ನು ಬಿಟ್ಟು ಇನೋಡ್ ಸಂಖ್ಯೆ ಹಿಡಿಯಿರಿ. ಹೊಲದ ಯಜಮಾನನ ಹೆಸರು ಪಹಣಿಯಲ್ಲಿ ಹೇಗೆ ಬರೆದಿದ್ದರೂ ಸರ್ವೆ ನಂಬರು ಒಂದೇ ಇರುವ ಹಾಗೆ, ಹೆಸರು ಏನಾದರೂ ಕಡತದ ಇನೋಡ್ ಬದಲಾಗದು. ಎಲ್‌ಎಸ್ -ಐ ಒತ್ತಿದರೆ ಪ್ರತಿ ಹೆಸರಿನ ಎಡಕ್ಕೆ ಸಂಖ್ಯೆ ಬರುತ್ತದೆ. ಅದು 393281 ಆಗಿದ್ದರೆ:

ಫೈಂಡ್ . -ಐನಮ್ 393281 -ಎಕ್ಸೆಕ್ ಎಂವಿ {} ಕೋಟೆ2 \;

ಐನಮ್ ಎಂದರೆ ಐ, ಎನ್, ಯು, ಎಂ. ಎಕ್ಸೆಕ್ ಎಂದರೆ ಇ, ಎಕ್ಸ್, ಇ, ಸಿ. ಹೊಸ ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟರೂ ಸರಿಯೇ. ಮುಂದೆ ಟರ್ಮಿನಲ್ಲಿನಲ್ಲಿ ಮುಟ್ಟಬೇಕಾದ ಕಡತಕ್ಕೆ ಅದೇ ವಾಸಿ.

ಕಡತ ಕಣ್ಣೆದುರೇ ಇದೆ, ./ ಕೂಡ ಹಾಕಿದೆ, ಆದರೂ 'ಬ್ಯಾಡ್ ಇಂಟರ್‌ಪ್ರಿಟರ್' ಎಂದು ಬರುತ್ತಿದೆ, ಸಾಲಿನ ನಡುವೆ ^ಎಂ ಕಾಣುತ್ತಿದೆ ಎಂದಾದರೆ ಸ್ಕ್ರಿಪ್ಟು ವಿಂಡೋಸಿನಲ್ಲಿ ಬರೆದದ್ದು. ಅದರ ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚಿನ ಗುರುತಿದೆ. ಸೆಡ್ -ಐ 'ಎಸ್/\ಆರ್$//' ಬರೆದು ಮುಂದೆ ಕಡತದ ಹೆಸರು ಕೊಟ್ಟರೆ ಹೋಗುತ್ತದೆ.

ಪರ್ಮಿಷನ್ ಡಿನೈಡ್, ಮತ್ತು ಸುಡೊ ಚಟ

ಸುಡೊ ಹಚ್ಚಿದ ಆದೇಶ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ರೂಟ್ ಎಂಬ ಖಾತೆಯ ಹೆಸರಿನಲ್ಲಿ ಓಡುತ್ತದೆ. ಈ ದೂರು ಬಂದಾಗಲೆಲ್ಲ ಅದೇ ಆದೇಶಕ್ಕೆ ಮೊದಲು ಸುಡೊ ಹಚ್ಚುವುದನ್ನು ಕಲಿಸುವವರೇ ಹೇಳಿಕೊಡುತ್ತಾರೆ. ಅದು ಬೇಡ. ಎಲ್‌ಎಸ್ -ಎಲ್ ಒತ್ತಿ ಮೊದಲು ಕಡತ ಯಾರದು ಎಂದು ನೋಡಿ. ಸಾಲಿನ ಮೊದಲ ಗುರುತು ಬಗೆ ಹೇಳುತ್ತದೆ. ಡಿ ಎಂದರೆ ಫೋಲ್ಡರು. ನಂತರದ ಒಂಬತ್ತು ಗುರುತು ಮೂರು ಮೂರರ ಗುಂಪು: ಒಡೆಯ, ಗುಂಪು, ಉಳಿದವರು. ಆರ್ ಓದಲು, ಡಬ್ಲ್ಯೂ ಬರೆಯಲು, ಎಕ್ಸ್ ಓಡಿಸಲು ಅಥವಾ ಫೋಲ್ಡರಿನೊಳಗೆ ಹೋಗಲು. ಅಂಕಿಯಲ್ಲಿ ಆರ್ 4, ಡಬ್ಲ್ಯೂ 2, ಎಕ್ಸ್ 1. ಮಾಮೂಲಿ ಕಡತಕ್ಕೆ 644, ಫೋಲ್ಡರು ಮತ್ತು ಸ್ಕ್ರಿಪ್ಟಿಗೆ 755 ಸಾಕು.

ನಿಮ್ಮದೇ ಸ್ಕ್ರಿಪ್ಟು ಓಡದಿದ್ದರೆ ಅನುಮತಿ ಬದಲಿಸುವ ಸಿಎಚ್‌ಮಾಡ್ +ಎಕ್ಸ್ ಬರೆದು ಅದರ ಹೆಸರು ಕೊಡಿ. ಸುಡೊ ಬೇಕಿಲ್ಲ. ಕಡತದ ಒಡೆಯ ರೂಟ್ ಆಗಿದ್ದು ಅದು /ಇಟಿಸಿ ಅಥವಾ /ಯುಎಸ್‌ಆರ್ ಒಳಗಿದ್ದರೆ ಸುಡೊ ಸರಿ. ನಿಮ್ಮ ಮನೆ ಫೋಲ್ಡರಿನೊಳಗಿನ ಕಡತಕ್ಕೆ ರೂಟ್ ಒಡೆಯನಾಗಿದ್ದರೆ ಹಿಂದೆ ಯಾವಾಗಲೋ ಬೇಡದ ಕಡೆ ಸುಡೊ ಹಚ್ಚಿದ್ದರ ಫಲ ಅದು. ಅಂಥವು ಎಷ್ಟಿವೆ ಎಂದು ಹುಡುಕಲು:

ಫೈಂಡ್ ~ ! -ಯೂಸರ್ $ಯೂಸರ್

ಎರಡನೆಯ ಯೂಸರ್ ದೊಡ್ಡಕ್ಷರದಲ್ಲಿ. ಪಟ್ಟಿ ನೋಡಿ ಒಪ್ಪಿಗೆಯಾದರೆ ಒಡೆತನ ನಿಮಗೆ ಮರಳಿಸಲು ಸುಡೊ ಸಿಎಚ್‌ಓನ್ -ಆರ್ $ಯೂಸರ್: ~ ಕೊಡಿ, ಇಲ್ಲಿ ಆರ್ ಕೂಡ ದೊಡ್ಡದು. ಪಾಸ್‌ವರ್ಡು ಸರಿಯಿದ್ದರೂ ಲಾಗಿನ್ ತೆರೆ ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುವ ಕಾಯಿಲೆಗೂ ಇದು ಒಂದು ಕಾರಣ. ಇನ್ನೊಂದು ಕಾರಣ ಡಿಸ್ಕು ತುಂಬಿರುವುದು.

ಸಿಎಚ್‌ಮಾಡ್ 777 ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಲ್ಯಾಬಿನಲ್ಲಿ ಅದನ್ನು ಕೊಟ್ಟರೆ ಯಾವ ವಿದ್ಯಾರ್ಥಿ ಬೇಕಾದರೂ ಇನ್ನೊಬ್ಬರ ಕೆಲಸ ಅಳಿಸಬಹುದು. ದೊಡ್ಡಕ್ಷರದ -ಆರ್ ಸೇರಿಸಿ / ಮತ್ತು ಅದರೊಳಗಿನ ಎಲ್ಲದರ ಮೇಲೆ ಕೊಟ್ಟರಂತೂ ಸುಡೊ ತಾನೇ ಓಡಲು ಒಪ್ಪುವುದಿಲ್ಲ. ರಿಪೇರಿಗಿಂತ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಬೇಗ.

ಎಫ್‌ಎಟಿ32 ಎಂಬ ಕಡತವ್ಯವಸ್ಥೆ ಇರುವ ಪೆನ್‌ಡ್ರೈವಿನ ಮೇಲೆ ಸಿಎಚ್‌ಮಾಡ್ ನಡೆಯುವುದಿಲ್ಲ. ಎಫ್‌ಎಟಿ32ರಲ್ಲಿ ಲಿನಕ್ಸಿನ ಅನುಮತಿ ಬರೆದಿಡುವ ಜಾಗವೇ ಇಲ್ಲ. ಸ್ಕ್ರಿಪ್ಟನ್ನು ಮನೆ ಫೋಲ್ಡರಿಗೆ ನಕಲು ಮಾಡಿಕೊಂಡು ಓಡಿಸಿ. ಪೆನ್‌ಡ್ರೈವು ತೆಗೆಯುವಾಗ 'ಟಾರ್ಗೆಟ್ ಈಸ್ ಬ್ಯುಸಿ' ಎಂದರೆ ಯಾವುದೋ ಟರ್ಮಿನಲ್ ಕಿಟಕಿ ಅದರೊಳಗೇ ನಿಂತಿದೆ. ಸಿಡಿ ಒತ್ತಿ ಮನೆಗೆ ಬನ್ನಿ.

ಸುಡೊ ಪಾಸ್‌ವರ್ಡು ಒತ್ತುವಾಗ ಏನೂ ಕಾಣದಿರುವುದು ದೋಷವಲ್ಲ. ಮಿಂಟಿನಲ್ಲಿ ನಕ್ಷತ್ರ ಕಾಣುತ್ತದೆ, ಬೇರೆ ಕಡೆ ಸಾಮಾನ್ಯವಾಗಿ ಇಲ್ಲ. 'ನಾಟ್ ಇನ್ ದಿ ಸುಡೋಅರ್ಸ್ ಫೈಲ್' ಎಂದರೆ ನಿಮ್ಮ ಖಾತೆಗೆ ಆ ಅಧಿಕಾರ ಕೊಟ್ಟಿಲ್ಲ. ಯಂತ್ರ ನೋಡಿಕೊಳ್ಳುವವರನ್ನು ಕೇಳಿ.

ಟರ್ಮಿನಲ್ ಹೆಪ್ಪುಗಟ್ಟಿದೆ

ಏನೊತ್ತಿದರೂ ಕಾಣುತ್ತಿಲ್ಲವೆಂದರೆ ಕಂಟ್ರೋಲ್ ಕ್ಯೂ ಒತ್ತಿ. ಕಡತ ಉಳಿಸುವ ರೂಢಿಯಲ್ಲಿ ಕಂಟ್ರೋಲ್ ಎಸ್ ಒತ್ತಿರುತ್ತೀರಿ, ಅದು ಟರ್ಮಿನಲ್ಲನ್ನು ತಡೆದು ನಿಲ್ಲಿಸುತ್ತದೆ. ಸಾಲಿನ ಮೊದಲಿಗೆ ಬರೀ > ನಿಂತಿದ್ದರೆ ಉದ್ಧರಣ ಚಿಹ್ನೆ ಮುಚ್ಚಿಲ್ಲ, ಕಂಟ್ರೋಲ್ ಸಿ. ಕೆಳಗೆ ಎಂಡ್ ಎಂದೋ ಒಂದೇ ವಿಭಾಗ ಚುಕ್ಕೆಯೋ ಕಂಡರೆ ಲೆಸ್ ಎಂಬ ಓದುಗದಲ್ಲಿದ್ದೀರಿ, ಕ್ಯೂ. ಅಕ್ಷರ ಒತ್ತಿದರೆ ಕಡತವೇ ಹಾರಾಡುತ್ತಿದ್ದರೆ ವಿಮ್ ತೆರೆದಿದೆ. ಎಸ್ಕೇಪ್ ಒತ್ತಿ, :ಕ್ಯೂ! ಬರೆದು ಎಂಟರ್. ಕ್ಯಾಟ್‌ನಿಂದ ಚಿತ್ರದ ಕಡತ ತೆರೆದು ತೆರೆಯೆಲ್ಲ ಚಿತ್ರವಿಚಿತ್ರ ಗುರುತಾದರೆ, ಕಾಣದಿದ್ದರೂ ಪರವಾಗಿಲ್ಲ, ರಿಸೆಟ್ ಎಂದು ಬರೆದು ಎಂಟರ್ ಒತ್ತಿ.

ಎಪಿಟಿ ಕೆಲಸ ಮಾಡುತ್ತಿಲ್ಲ

ಎಪಿಟಿ ಎಂದರೆ ಹೊಸ ಕಾರ್ಯಕ್ರಮಗಳನ್ನು, ಅಂದರೆ ಪ್ಯಾಕೇಜುಗಳನ್ನು, ನೆಟ್ಟಿನಿಂದ ಇಳಿಸಿ ಹಾಕುವ ಆದೇಶ. 'ಅನೇಬಲ್ ಟು ಲೊಕೇಟ್ ಪ್ಯಾಕೇಜ್' ಬಂದರೆ ಮೊದಲು ಸುಡೊ ಎಪಿಟಿ ಅಪ್‌ಡೇಟ್. ಹೊಸ ಇನ್‌ಸ್ಟಾಲಿನಲ್ಲಿ ಪಟ್ಟಿಯೇ ಇಳಿದಿರುವುದಿಲ್ಲ.

'ಕುಡ್ ನಾಟ್ ಗೆಟ್ ಲಾಕ್' ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಎಪಿಟಿ ಓಡುತ್ತಿದೆ. ಯಂತ್ರ ಹಚ್ಚಿದ ಹೊಸದರಲ್ಲಿ ಉಬುಂಟು ತಾನಾಗಿಯೇ ಭದ್ರತಾ ಪರಿಷ್ಕರಣೆ ಇಳಿಸಿಕೊಳ್ಳುತ್ತದೆ. ಹಾಟ್‌ಸ್ಪಾಟಿನ ವೇಗದಲ್ಲಿ ಅರ್ಧ ಗಂಟೆಯೂ ಆಗಬಹುದು. ಕಾಯಿರಿ. ಲಾಕ್ ಕಡತ ಅಳಿಸಿ ಎನ್ನುವ ಸಲಹೆ ಕೇಳಿದರೆ ಎರಡು ಎಪಿಟಿ ಒಟ್ಟಿಗೆ ಬರೆದು ಪ್ಯಾಕೇಜು ಲೆಕ್ಕ ಕೆಡುತ್ತದೆ. ಇನ್‌ಸ್ಟಾಲ್ ನಡುವೆ ಕರೆಂಟು ಹೋಗಿದ್ದರೆ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಎಂಬ ದೂರು ಬರುತ್ತದೆ, ಮದ್ದನ್ನೂ ಅದೇ ಹೇಳುತ್ತದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ನಂತರ ಸುಡೊ ಎಪಿಟಿ -ಎಫ್ ಇನ್‌ಸ್ಟಾಲ್.

'ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್' ಎಂದರೆ ಹೆಸರಿನಿಂದ ವಿಳಾಸ ಸಿಗುತ್ತಿಲ್ಲ. ಪಿಂಗ್ -ಸಿ 4 8.8.8.8 ಕೊಡಿ. ಉತ್ತರ ಬಂದರೆ ನೆಟ್ಟು ಇದೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಇಲ್ಲ. ಹಾಟ್‌ಸ್ಪಾಟು ಆರಿಸಿ ಮತ್ತೆ ಹಚ್ಚಿದರೆ ಬಹಳ ಸಲ ಸರಿಹೋಗುತ್ತದೆ. ಉತ್ತರವೂ ಬರದಿದ್ದರೆ ಮೊಬೈಲು ನೋಡಿ. 'ಕ್ಲಿಯರ್‌ಸೈನ್ಡ್ ಫೈಲ್ ಈಸಂಟ್ ವ್ಯಾಲಿಡ್' ಎಂದು ಕೊನೆಗೆ 'ನೋಸ್‌ಪ್ಲಿಟ್' ಕಂಡರೆ, ಎಪಿಟಿ ಕೇಳಿದ ಕಡತದ ಬದಲು ನಡುವೆ ಯಾರೋ ವೆಬ್ ಪುಟ ಕೊಟ್ಟಿದ್ದಾರೆ: ಲಾಗಿನ್ ಕೇಳುವ ವೈಫೈ ಅಥವಾ ರೀಚಾರ್ಜ್ ಮಾಡಿ ಎನ್ನುವ ಪುಟ. ಬ್ರೌಸರು ತೆರೆದರೆ ತಿಳಿಯುತ್ತದೆ.

'ನಾಟ್ ವ್ಯಾಲಿಡ್ ಯೆಟ್' ಎಂದು ಗಂಟೆ, ದಿನಗಳ ಲೆಕ್ಕ ಬಂದರೆ ಯಂತ್ರದ ಗಡಿಯಾರ ಹಿಂದಿದೆ. ಸರ್ವರಿನ ಪಟ್ಟಿ ಯಂತ್ರದ ಪಾಲಿಗೆ ಇನ್ನೂ ಹುಟ್ಟಿಲ್ಲ. ಹಳೆಯ ಡೆಸ್ಕ್‌ಟಾಪಿನಲ್ಲಿ ಇದರ ಬೇರು ಸಾಫ್ಟ್‌ವೇರಿನಲ್ಲಿಲ್ಲ, ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿಯಲ್ಲಿದೆ. ಸಂಜೆ ಸ್ವಿಚ್‌ಬೋರ್ಡಿನಲ್ಲೇ ಆರಿಸಿ ಹೋಗುವ ಲ್ಯಾಬುಗಳಲ್ಲಿ ಗಡಿಯಾರ ಇಡೀ ರಾತ್ರಿ ಅದರ ಮೇಲೇ ನಡೆಯುತ್ತದೆ. ಸಿಆರ್2032, 3 ವೋಲ್ಟ್, ಮಲ್ಟಿಮೀಟರಿನಲ್ಲಿ 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಪವರ್ ಕೇಬಲ್ ಕಿತ್ತು, ಬರಹವಿರುವ ಮುಖ ಮೇಲೆ ಮಾಡಿ ಕೂರಿಸಿ. ಸದ್ಯಕ್ಕೆ ಕೆಲಸ ನಡೆಯಲು ಟೈಮ್‌ಡೇಟ್‌ಸಿಟಿಎಲ್ ಒತ್ತಿ ಸಮಯ ನೋಡಿ, ನೆಟ್ಟು ಇದ್ದರೆ:

ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ

ಬ್ರೌಸರಿನಲ್ಲಿ ಎಲ್ಲ ತಾಣಗಳೂ 'ಸುರಕ್ಷಿತವಲ್ಲ' ಎನ್ನತೊಡಗುವುದಕ್ಕೂ ಇದೇ ಕಾರಣ. ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಮಾತ್ರ ತಪ್ಪುತ್ತಿದ್ದರೆ ಬ್ಯಾಟರಿಯದಲ್ಲ. ಅದೇ ಯಂತ್ರದಲ್ಲಿ ವಿಂಡೋಸೂ ಇದೆ. ವಿಂಡೋಸು ಗಡಿಯಾರದಲ್ಲಿ ಭಾರತದ ಸಮಯ ಇಡುತ್ತದೆ, ಲಿನಕ್ಸು ಯುಟಿಸಿ, ಅಂದರೆ ಜಾಗತಿಕ ಸಮಯ, ಇಡುತ್ತದೆ. ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಕೊಟ್ಟರೆ ಜಗಳ ನಿಲ್ಲುತ್ತದೆ.

ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್

ಡಿಎಫ್ -ಎಚ್ ಒತ್ತಿ 100% ಯಾವ ಸಾಲಿನಲ್ಲಿದೆ ನೋಡಿ. ಎಕ್ಸ್ಟ್4ನಲ್ಲಿ ಸಾಮಾನ್ಯವಾಗಿ 5% ಜಾಗ ರೂಟ್‌ಗೆ ಮೀಸಲು. ನಿಮಗೆ ಜಾಗವಿಲ್ಲ, ಸುಡೊಗೆ ಇದೆ ಎಂಬ ವಿಚಿತ್ರ ಅದರಿಂದ. ತಿಂದದ್ದು ಯಾರೆಂದು ನೋಡಲು ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್; ದೊಡ್ಡದು ಕೊನೆಗೆ ಬರುತ್ತದೆ, ಅದರೊಳಗೆ ಇಳಿದು ಮತ್ತೆ ಅದೇ ಆದೇಶ. ಸುಡೊ ಎಪಿಟಿ ಕ್ಲೀನ್ ಇಳಿಸಿದ ಪ್ಯಾಕೇಜುಗಳನ್ನು ಅಳಿಸುತ್ತದೆ. ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ, ಎಂ ದೊಡ್ಡದು, ಹಳೆಯ ದಾಖಲೆ ಕಡಿಮೆ ಮಾಡುತ್ತದೆ. ಜಾಗ ಇದ್ದೂ ದೂರು ಬಂದರೆ ಡಿಎಫ್ -ಐ: ಸಣ್ಣ ಕಡತಗಳು ಲಕ್ಷಗಟ್ಟಲೆ ಸೇರಿ ಇನೋಡ್ ಮುಗಿದಿರಬಹುದು.

ಕರೆಂಟು ಹೋಗಿ ಬಂದ ಮೇಲೆ

ಯಂತ್ರ ತಾನಾಗಿ ಆರಿದರೆ ಕಾರಣ ಕರೆಂಟೋ ಕಾವೋ ಎಂದು ಮೊದಲು ತೀರ್ಮಾನಿಸಿ. ಜರ್ನಲ್‌ಸಿಟಿಎಲ್ -ಬಿ -1 -ಇ ಹಿಂದಿನ ಸಲದ ದಾಖಲೆಯ ಕೊನೆಗೆ ಒಯ್ಯುತ್ತದೆ. ಸೇವೆಗಳು ಒಂದೊಂದಾಗಿ ನಿಂತ ಸಾಲುಗಳಿಲ್ಲದೆ ಥಟ್ಟನೆ ಮುಗಿದಿದ್ದರೆ ವಿದ್ಯುತ್ ಕಡಿದಿದೆ. ಅದಕ್ಕೂ ಮೊದಲು 'ಟೆಂಪರೇಚರ್' ಮತ್ತು 'ಥ್ರಾಟಲ್ಡ್' ಎಂಬ ಸಾಲುಗಳಿದ್ದರೆ ಪ್ರೊಸೆಸರು ಕಾದಿದೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಪ್ರೊಸೆಸರಿನ ಕಾವು ಹೊರಹಾಕುವ ಹೀಟ್‌ಸಿಂಕಿನ ಸಂದು ಮುಚ್ಚುತ್ತದೆ. ಎರಡೂ ಸೇರಿದರೆ ಫ್ಯಾನು ಎಷ್ಟು ತಿರುಗಿದರೂ ಗಾಳಿ ಒಳಗೆ ಹೋಗದು. ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜು ಹಾಕಿ ಸೆನ್ಸರ್ಸ್ ಒತ್ತಿದರೆ ಡಿಗ್ರಿ ಕಾಣುತ್ತದೆ. ಸುಮ್ಮನೆ ಕೂತಾಗಲೇ 70 ದಾಟಿದ್ದರೆ ಬ್ರಷ್ಷು ಹಿಡಿಯಿರಿ; ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಡಿ.

ಕಪ್ಪು ತೆರೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ ಎಂದು ನಿಂತಿದ್ದರೆ ಡಿಸ್ಕಿನ ಲೆಕ್ಕ ಕೆಟ್ಟಿದೆ, ಯಂತ್ರ ನಿಮ್ಮ ಒಪ್ಪಿಗೆಗೆ ಕಾದಿದೆ. ಮೇಲಿನ ಸಾಲುಗಳಲ್ಲಿ 'ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಅಲಿ' ಜತೆಗೆ /ಡೆವ್/ಎಸ್‌ಡಿಎ2 ಎಂಬಂಥ ಹೆಸರು ಇರುತ್ತದೆ. ಆ ಹೆಸರನ್ನೇ ಬಳಸಿ:

ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2

ಮುಗಿದ ಮೇಲೆ ಎಕ್ಸಿಟ್. ಇದನ್ನು ಓಡುತ್ತಿರುವ ಡೆಸ್ಕ್‌ಟಾಪಿನಲ್ಲಿ ಟರ್ಮಿನಲ್ ತೆರೆದು ಎಂದೂ ಕೊಡಬೇಡಿ. ಬಳಕೆಯಲ್ಲಿರುವ ಡಿಸ್ಕನ್ನು ಎಫ್‌ಎಸ್‌ಸಿಕೆ ರಿಪೇರಿ ಮಾಡಲು ಹೋದರೆ ಇದ್ದದ್ದೂ ಹಾಳಾಗುತ್ತದೆ.

ಎಲ್ಲ ಸರಿಯಿದ್ದು ಏನನ್ನೂ ಉಳಿಸಲಾಗದೆ 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎಂದರೆ ಕರ್ನೆಲ್ ಡಿಸ್ಕಿನಲ್ಲಿ ತಪ್ಪು ಕಂಡು ಬರೆಯುವುದನ್ನು ನಿಲ್ಲಿಸಿದೆ. ಇದನ್ನು ಬಲವಂತವಾಗಿ ತೆಗೆಯುವ ಆದೇಶ ಇದೆ, ಈಗ ಬೇಡ. ಸುಡೊ ಡಿಮೆಸೆಜ್ | ಟೇಲ್ ಕೊಡಿ. ಡಿಮೆಸೆಜ್ ಎಂದರೆ ಡಿ, ಎಂ, ಇ, ಎಸ್, ಜಿ. 'ಐ/ಒ ಎರರ್' ಕಂಡರೆ ಡಿಸ್ಕಿನ ಆರೋಗ್ಯ ನೋಡಬೇಕು. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜು ಮೊದಲೇ ಇದ್ದರೆ ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ, ಎ ದೊಡ್ಡದು. ಇಲ್ಲದಿದ್ದರೆ ಲೈವ್ ಪೆನ್‌ಡ್ರೈವಿನಿಂದ, ಅಂದರೆ ಡಿಸ್ಕು ಮುಟ್ಟದೆ ತಾನೇ ಲಿನಕ್ಸ್ ಓಡಿಸುವ ಪೆನ್‌ಡ್ರೈವಿನಿಂದ, ಹಚ್ಚಿ ಅಲ್ಲಿ ಹಾಕಿಕೊಳ್ಳಿ. ಪಟ್ಟಿಯಲ್ಲಿ ಕೊನೆಯ ಕಾಲಮ್ಮು ಓದಿ. ಎಡಕ್ಕೆ 199 ಎಂಬ ಸಂಖ್ಯೆಯಿರುವ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕು ಚೆನ್ನಾಗಿದೆ, ಸಾಟಾ ಕೇಬಲ್ಲು ಸಡಿಲವಾಗಿದೆ ಅಥವಾ ಹಳತಾಗಿದೆ. 5 ಮತ್ತು 197 ಸಂಖ್ಯೆಯ ಸಾಲುಗಳಲ್ಲಿ ಸೊನ್ನೆಯಲ್ಲದ ಅಂಕಿ ಇದ್ದು ದಿನದಿನಕ್ಕೆ ಹೆಚ್ಚುತ್ತಿದ್ದರೆ ಡಿಸ್ಕು ಹೋಗುತ್ತಿದೆ. ಆಗ ಎಫ್‌ಎಸ್‌ಸಿಕೆ ಕೂಡ ಓಡಿಸಬೇಡಿ, ಅದರ ಓಡಾಟವೇ ಉಳಿದದ್ದನ್ನು ಕೊಲ್ಲಬಹುದು. ಲೈವ್ ಪೆನ್‌ಡ್ರೈವಿನಿಂದ ಹಚ್ಚಿ, ಹಳೆಯ ಡಿಸ್ಕನ್ನು ಓದಲು ಮಾತ್ರ ಜೋಡಿಸಿ, ಬೇಕಾದ ಫೋಲ್ಡರನ್ನು ಮೊದಲು ಹೊರಗಿನ ಡಿಸ್ಕಿಗೆ ಸಾಗಿಸಿ:

ಸುಡೊ ಮೌಂಟ್ -ಒ ಆರ್‌ಒ /ಡೆವ್/ಎಸ್‌ಡಿಎ2 /ಎಂಎನ್‌ಟಿ

ಮೌಂಟ್ ಆದಮೇಲೆ ಸಿಪಿ -ಎ ಸಾಕು. ಲೆಕ್ಕದ ಪುಸ್ತಕ, ಅರ್ಜಿ, ಫೋಟೊ ಮೊದಲು; ಸಿನಿಮಾ ಕೊನೆಗೆ. ನಡುವೆ ಒಂದು ಕಡತದಲ್ಲಿ ಸಿಕ್ಕಿಕೊಂಡರೆ ಕಂಟ್ರೋಲ್ ಸಿ ಒತ್ತಿ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.